ಗ್ಲಾಸು ಬದಲಾದ ನಲವತ್ತೊಂದು ದಿನ

ಬೆಳಿಗ್ಗೆ ಎಂಟೂವರೆಗೆ ನಮ್ಮ ಮನೆಯಲ್ಲಿ ಮಾವನವರನ್ನು ಯಾರೂ ಕರೆಯುವುದಿಲ್ಲ. ತಿಂಡಿ ಆರಿದರೂ ಸರಿ, ಫೋನ್ ಬಂದರೂ ಸರಿ. ಆ ಹೊತ್ತಿಗೆ ಅವರು ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳ ದಾಟಿ ಮಳೆ ಅಳೆಯುವ ರೇನ್‌ಗೇಜ್ ಹತ್ತಿರ ನಿಂತಿರುತ್ತಾರೆ. ಮೇಲಿನ ಆಲಿಕೆ ತೆಗೆದು, ಒಳಗೆ ನಿಂತ ನೀರನ್ನು ಅಳತೆ ಗ್ಲಾಸಿಗೆ ಬಗ್ಗಿಸಿ, ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ನೀರಿನ ಮೇಲ್ಮೈ ಗ್ಲಾಸಿನ ಅಂಚಿನಲ್ಲಿ ಸ್ವಲ್ಪ ಮೇಲೆ ಏರಿರುತ್ತದೆ, ನಡುವೆ ತಗ್ಗಿರುತ್ತದೆ. ಆ ತಗ್ಗು ಯಾವ ಗೆರೆಗೆ ತಾಗಿದೆಯೋ ಅದೇ ಲೆಕ್ಕ. ಜೋರು ಮಳೆಯ ದಿನ ಗ್ಲಾಸು ನಾಲ್ಕೈದು ಸಲ ತುಂಬುತ್ತದೆ. ಅಷ್ಟೂ ಸಲ ಹಾಗೇ ನೋಡುತ್ತಾರೆ. ಆಮೇಲೆ ಒಳಗೆ ಬಂದು ಕೈ ಒರೆಸಿಕೊಂಡು ಪುಸ್ತಕದಲ್ಲಿ ಬರೆಯುತ್ತಾರೆ.

ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರಿಗೆ ಇದು ಹೊಸದೇನಲ್ಲ. ಮಳೆ ಲೆಕ್ಕ ಬರೆದಿಡುವ ಮನೆಗಳು ಇಲ್ಲಿ ಸುಮಾರಿವೆ. ನಮ್ಮ ಪುಸ್ತಕ 1974ರಿಂದ ಶುರು. ಎಡಗಡೆ ಮಳೆ ನಕ್ಷತ್ರ, ನಡುವೆ ಮಿಲಿಮೀಟರ್, ಬಲಗಡೆ ಏನಾದರೂ ವಿಶೇಷ ಇದ್ದರೆ ಒಂದು ಸಾಲು. "ಪುನರ್ವಸು. 112. ಹೊಳೆ ಗದ್ದೆಗೆ ಬಂತು." "ಆಶ್ಲೇಷ. 31. ಕೌಲಿ ಕರು ಹಾಕಿತು." ಬರೆಯುವುದು ಮಿಲಿಮೀಟರಿನಲ್ಲಿ, ಬಾಯಲ್ಲಿ ಹೇಳುವುದು ಮಾತ್ರ ಇಂಚಿನಲ್ಲಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಈ ಪುಸ್ತಕ ನೋಡಿ ಒಂದು ಕಥೆ ಓದಿದ ಹಾಗೆ ಓದಿದ್ದೆ.

2018ರಲ್ಲಿ ಜೂನ್ ಮುಗಿಯುವ ಹೊತ್ತಿಗೆ ಹಳೆಯ ಅಳತೆ ಗ್ಲಾಸು ಒಡೆಯಿತು. ಒಡೆದದ್ದು ನನ್ನ ಕೈಯಲ್ಲೇ. ತೊಳೆದಿಡಲು ಹೋಗಿ ಜಾರಿತು. ಮಾವ ಬೈಯಲಿಲ್ಲ. ಸಂಜೆ ನಮ್ಮನೆಯವರು ಪೇಟೆಗೆ ಹೋಗಿ ಬೇರೆ ತಂದರು. ರೇನ್‌ಗೇಜಿನ ಗ್ಲಾಸೇ, ಮಿಲಿಮೀಟರ್ ಗೆರೆ ಇರುವುದೇ. "ಎಲ್ಲಾ ಒಂದೇ ಸಾರ್" ಅಂತ ಅಂಗಡಿಯವರು ಹೇಳಿದರಂತೆ. ಮಾರನೇ ದಿನದಿಂದ ಅದರಲ್ಲೇ ಅಳತೆ.

ಆ ವರ್ಷ ಮಲೆನಾಡಿನಲ್ಲಿ ಮಳೆ ಹೇಗಿತ್ತು, ಅಡಿಕೆಗೆ ಕೊಳೆರೋಗ ಹೇಗೆ ಹಬ್ಬಿತು ಅನ್ನುವುದು ತೋಟ ಇರುವವರಿಗೆಲ್ಲ ನೆನಪಿದೆ. ಆದರೆ ನಮ್ಮ ಪುಸ್ತಕದಲ್ಲಿ ಮಳೆ ಸಾಧಾರಣ! ಹೊಳೆ ಆಚೆ ಮನೆಯವರು "ನಿನ್ನೆ ಆರಿಂಚು" ಅಂದರೆ ನಮ್ಮಲ್ಲಿ ಮೂರು. "ಗುಡ್ಡದ ಆ ಮಗ್ಗುಲಿಗೆ ಯಾವತ್ತೂ ಜಾಸ್ತಿ" ಅಂತ ನಾವೇ ಸಮಾಧಾನ ಹೇಳಿಕೊಂಡೆವು. ಜುಲೈ ನಡುವೆ ಎರಡು ದಿನ ಮಳೆ ಬಿಟ್ಟು ಹೊಳವಾಯಿತು. ಎರಡನೇ ಸಲ ಬೋರ್ಡೋ, ಅಂದರೆ ಕೊಳೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ಔಷಧಿ, ಹೊಡೆಸಲು ಅದೇ ಹದ. ಅಡಿಕೆ ಮರ ಹತ್ತುವ ಕೊನೆಗಾರರು ಸಿಗುವುದೇ ಕಷ್ಟ, ಆವತ್ತು ಬರುತ್ತೇವೆ ಅಂತ ಅವರಾಗಿಯೇ ಹೇಳಿದ್ದರು. ಮಾವ ಪುಸ್ತಕ ತಿರುವಿ ಕೂಡಿಸಿದರು. "ಅಷ್ಟೇನೂ ಬಿದ್ದಿಲ್ಲ. ಮೊದಲಿನ ಔಷಧಿ ಇನ್ನೂ ಹಿಡಿದಿರುತ್ತೆ. ಎಂಟು ದಿನ ಬಿಟ್ಟು ಹೊಡೆಸೋಣ" ಅಂದರು. ಕೊನೆಗಾರರು ಪಕ್ಕದ ತೋಟಕ್ಕೆ ಹೋದರು. ಆಮೇಲೆ ಹೊಳವಾಗಲೇ ಇಲ್ಲ. ಹಸಿರು ಅಡಿಕೆ ಮರದ ಬುಡದಲ್ಲಿ ರಾಶಿ ಬೀಳತೊಡಗಿತು. ಬೆಳಿಗ್ಗೆ ತೋಟಕ್ಕೆ ಇಳಿದರೆ ಕೊಳೆತ ಅಡಿಕೆಯ ಆ ವಾಸನೆ. ಅದನ್ನು ಮೂಸಿದವರಿಗೇ ಗೊತ್ತು.

ಆಗಸ್ಟ್ ಎರಡನೇ ವಾರ ಒಂದು ದಿನ ಕೊಟ್ಟಿಗೆ ಪಕ್ಕ ಖಾಲಿ ಪೇಂಟ್ ಡಬ್ಬ ಕಣ್ಣಿಗೆ ಬಿತ್ತು. ಹಿಂದಿನ ದಿನ ಬೆಳಿಗ್ಗೆ ನಾನೇ ತೊಳೆದು ಬಯಲಿಗೆ ಇಟ್ಟಿದ್ದೆ. ಮೇಲಿಂದ ಕೆಳಗಿನವರೆಗೂ ಒಂದೇ ಅಗಲದ ಡಬ್ಬ. ಅದರಲ್ಲಿ ನೀರು ನಿಂತಿತ್ತು. ಮಗಳ ಸ್ಕೇಲ್ ತಂದು ಇಳಿಸಿದೆ. ಹನ್ನೆರಡು ಸೆಂಟಿಮೀಟರ್. ಅಂದರೆ 120 ಮಿಲಿಮೀಟರ್. ಒಳಗೆ ಬಂದು ಪುಸ್ತಕ ನೋಡಿದೆ. ಆವತ್ತಿನ ಲೆಕ್ಕ 59.

ನಾನು ಬಿ.ಎಸ್ಸಿ. ಓದಿದವಳು. ಅಷ್ಟು ದಿನ ತಲೆಗೆ ಹೊಳೆಯದ್ದು ಆಗ ಹೊಳೆಯಿತು. ಆಲಿಕೆಯ ಬಾಯಿ ಅಳೆದೆ. ಅಡ್ಡಗಲ ಹನ್ನೊಂದು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ. ಅಂದರೆ ಬಾಯಿಯ ವಿಸ್ತೀರ್ಣ 100 ಚದರ ಸೆಂಟಿಮೀಟರ್. ಅಷ್ಟು ಬಾಯಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಕೂಡುವ ನೀರು 10 ಎಂಎಲ್. ಔಷಧಿ ಅಳೆಯುವ ಲೋಟದಲ್ಲಿ 100 ಎಂಎಲ್ ನೀರು ತೆಗೆದುಕೊಂಡು ಹೊಸ ಗ್ಲಾಸಿಗೆ ಹಾಕಿದೆ. 10ರ ಗೆರೆಗೆ ಬರಬೇಕಿತ್ತು. 5ಕ್ಕೆ ನಿಂತಿತು. ಮತ್ತೆ ಚೆಲ್ಲಿ ಮತ್ತೆ ಹಾಕಿದೆ. ಐದೇ. ಅದು ದೊಡ್ಡ ಬಾಯಿಯ, 200 ಚದರ ಸೆಂಟಿಮೀಟರ್ ರೇನ್‌ಗೇಜಿನ ಗ್ಲಾಸು. ನಲವತ್ತೊಂದು ದಿನ ನಾವು ಬಿದ್ದ ಮಳೆಯಲ್ಲಿ ಅರ್ಧ ಮಾತ್ರ ಬರೆದಿದ್ದೆವು.

"ಮಾವ, ಇಲ್ಲಿ ಬನ್ನಿ" ಅಂತ ಕರೆದು ತೋರಿಸಿದೆ. ಅವರು ಗ್ಲಾಸನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ತಿರುಗಿಸಿ ನೋಡಿದರು. ಆವತ್ತು ಊಟಕ್ಕೆ ಕೂತಾಗಲೂ ಮಾತಿಲ್ಲ. ಮಧ್ಯಾಹ್ನ ಕೆಂಪು ಪೆನ್ನು ಕೇಳಿದರು. ನಲವತ್ತೊಂದು ಅಂಕಿಗಳ ಪಕ್ಕದಲ್ಲೂ ಸರಿಯಾದ ಲೆಕ್ಕ ಬರೆದರು. ಹಳೆಯದನ್ನು ಹೊಡೆದು ಹಾಕಲಿಲ್ಲ. ಕೊನೆಯಲ್ಲಿ ಒಂದು ಸಾಲು: "ಗ್ಲಾಸು ಬೇರೆಯದು. ಅಳತೆ ತಪ್ಪು."

ಇದಾಗಿ ನಾಲ್ಕು ವರ್ಷಕ್ಕೆ, 2022ರ ಆಗಸ್ಟ್ 23ಕ್ಕೆ, ಗೂಗಲ್ ತೆರೆದರೆ ಒಬ್ಬ ಹೆಂಗಸಿನ ಚಿತ್ರ ಇತ್ತು. ಅನ್ನಾ ಮಣಿ, ಹವಾಮಾನ ವಿಜ್ಞಾನಿ. ಹೆಸರು ಕೇಳಿರಲಿಲ್ಲ. ಸುಮ್ನೆ ಒತ್ತಿ ಓದಲು ಕೂತವಳು ಒಲೆ ಮೇಲಿನ ಹಾಲು ಉಕ್ಕಿಸಿದೆ. ಭಾರತದಲ್ಲಿ ಹವಾಮಾನ ಅಳೆಯುವ ಉಪಕರಣಗಳಿಗೆ ಒಂದು ಶಿಸ್ತು ತಂದವರು ಅವರು. ತಪ್ಪು ಅಳತೆಗಿಂತ ಅಳತೆ ಇಲ್ಲದೇ ಇರುವುದೇ ವಾಸಿ ಅನ್ನುವುದು ಅವರ ಖಚಿತ ಅಭಿಪ್ರಾಯ. ಅದನ್ನು ಓದಿದಾಗ ನನಗೆ ಆ ನಲವತ್ತೊಂದು ದಿನವೇ ಕಣ್ಣ ಮುಂದೆ ಬಂತು. ಪುಸ್ತಕವೇ ಇಲ್ಲದಿದ್ದರೆ ಮಾವ ಆಕಾಶ ನೋಡಿ, ತೋಟ ನೋಡಿ ಆವತ್ತೇ ಔಷಧಿ ಹೊಡೆಸುತ್ತಿದ್ದರು.

ಅನ್ನಾ ಮಣಿ ಹುಟ್ಟಿದ್ದು 1918ರಲ್ಲಿ, ಈಗಿನ ಕೇರಳದ ಪೀರುಮೇಡಿನಲ್ಲಿ. ಅನುಕೂಲಸ್ಥರ ಮನೆ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದರೆ ಆ ಹುಡುಗಿ ಬೇಡ ಅಂದಳಂತೆ. ಅದರ ಬದಲು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೊಡಿಸಿ ಅಂದಳು. ವಿಚಿತ್ರ ಏನು ಗೊತ್ತಾ? ಮುಂದೆ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ವಜ್ರದ ಮೇಲೇ. 1940ರಲ್ಲಿ ಸ್ಕಾಲರ್‌ಶಿಪ್ ಪಡೆದು ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟಿಗೆ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆಗೆ) ಬಂದರು. ಸಿ.ವಿ. ರಾಮನ್ ಅವರ ಪ್ರಯೋಗಾಲಯ. ವಜ್ರ, ಮಾಣಿಕ್ಯಗಳ ಮೇಲೆ ಬೆಳಕು ಬಿದ್ದರೆ ಅವು ತಾವೇ ಹೊಳೆಯುತ್ತವಲ್ಲ, ಆ ಹೊಳಪಿನ ಅಧ್ಯಯನ. ಬೆಳಕು ತೀರಾ ಮಂಕು. ಫೋಟೋ ಪ್ಲೇಟಿನ ಮೇಲೆ ಅದು ಮೂಡಬೇಕಾದರೆ ಹದಿನೈದು ಇಪ್ಪತ್ತು ಗಂಟೆ ಬೇಕು. ರಾತ್ರಿ ಎಷ್ಟೋ ಸಲ ಅಲ್ಲೇ ಮಲಗುತ್ತಿದ್ದರಂತೆ. ಓಲೆ ಬೇಡ ಅಂದ ಹುಡುಗಿ ವಜ್ರ ಕಾಯುತ್ತಾ ಪ್ರಯೋಗಾಲಯದಲ್ಲಿ ಮಲಗಿದ್ದಾಳೆ ಅನ್ನುವ ಚಿತ್ರ ನನ್ನ ತಲೆಯಿಂದ ಹೋಗುವುದೇ ಇಲ್ಲ.

ಆ ಕಾಲಕ್ಕೆ ಅಲ್ಲಿ ಹೆಂಗಸರಿಗೆ ಬಾಗಿಲು ಸಲೀಸಾಗಿ ತೆರೆದಿರಲಿಲ್ಲ. 1933ರಲ್ಲಿ ಮುಂಬೈಯಿಂದ ಬಂದ ಕಮಲಾ ಭಾಗವತ್ ಅವರಿಗೆ, ಮುಂದೆ ಕಮಲಾ ಸೊಹೊನಿ ಆದವರಿಗೆ, ಹೆಣ್ಣು ಅನ್ನುವ ಕಾರಣಕ್ಕೇ ರಾಮನ್ ಸೀಟು ಕೊಡಲಿಲ್ಲ. ಅವರು ಹಟ ಹಿಡಿದು, ಷರತ್ತುಗಳಿಗೆ ಒಪ್ಪಿ ಒಳಗೆ ಹೋದರು. 1943ರಲ್ಲಿ ನಮ್ಮ ನಂಜನಗೂಡಿನ ರಾಜೇಶ್ವರಿ ಸಂಶೋಧನೆಗೆ ಸೇರಿದರು. ಮುಂದೆ ಅಲ್ಲೇ ಮೈಕ್ರೋವೇವ್ ಎಂಜಿನಿಯರಿಂಗ್ ಕಟ್ಟಿ ಬೆಳೆಸಿದ ರಾಜೇಶ್ವರಿ ಚಟರ್ಜಿ ಅವರೇ. ಅವರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಎರಡು ಸಾಲಿಗೆ ಮುಗಿಯುವ ಜೀವ ಅಲ್ಲ ಅದು.

ಅನ್ನಾ ಮಣಿ ಐದು ವರ್ಷ ದುಡಿದು, ಒಬ್ಬರೇ ಐದು ಪ್ರಬಂಧ ಪ್ರಕಟಿಸಿ, 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ. ಥೀಸಿಸ್ ಕೊಟ್ಟರು. ಎಂ.ಎಸ್ಸಿ. ಆಗಿಲ್ಲ ಅಂತ ಡಿಗ್ರಿ ಕೊಡಲಿಲ್ಲ. ಬಿ.ಎಸ್ಸಿ. ಆನರ್ಸ್ ಇತ್ತು, ಸಂಶೋಧನೆಯ ಸ್ಕಾಲರ್‌ಶಿಪ್ ಇತ್ತು, ಕೆಲಸ ಕಣ್ಣೆದುರಿಗಿತ್ತು. ಆದರೂ ಇಲ್ಲ. ಬೈಂಡ್ ಮಾಡಿದ ಆ ಥೀಸಿಸ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಲೈಬ್ರರಿಯಲ್ಲಿ ಉಳಿದಿದೆ. ಪಕ್ಕದ ಥೀಸಿಸ್‌ಗಳಿಗೂ ಅದಕ್ಕೂ ನೋಡಲು ವ್ಯತ್ಯಾಸ ಇಲ್ಲ. ವಯಸ್ಸಾದ ಮೇಲೆ ಇದರ ಬಗ್ಗೆ ಕೇಳಿದರೆ ಅವರು ದೊಡ್ಡದು ಮಾಡುತ್ತಿರಲಿಲ್ಲವಂತೆ. ಹೆಂಗಸು ಅನ್ನುವ ವಿಚಾರವನ್ನೇ ಮುಂದೆ ತರುವುದು ಅವರಿಗೆ ಇಷ್ಟ ಇರಲಿಲ್ಲ. ಅದು ಅವರ ದೊಡ್ಡತನ ಇರಬಹುದು. ನನಗೆ ಮಾತ್ರ ಸಿಟ್ಟು ಬರುತ್ತದೆ.

ಭೌತಶಾಸ್ತ್ರ ಮುಂದುವರಿಸಬೇಕು ಅಂತ ಅವರು ಲಂಡನ್ನಿಗೆ ಹೊರಟರು. ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಸರಿ, ಅದನ್ನೇ ಕಲಿತರು. 1948ರಲ್ಲಿ ವಾಪಸ್ ಬಂದು ಪುಣೆಯ ಹವಾಮಾನ ಇಲಾಖೆ ಸೇರಿದರು. ಸ್ವಾತಂತ್ರ್ಯಕ್ಕೆ ಮುಂಚೆ ನಮಗೆ ಥರ್ಮಾಮೀಟರ್, ಬ್ಯಾರೋಮೀಟರ್ ಕೂಡ ಹೊರದೇಶದಿಂದಲೇ ಬರಬೇಕಿತ್ತು. ಅವುಗಳನ್ನು ಇಲ್ಲೇ ಮಾಡುವ ವರ್ಕ್‌ಶಾಪ್ ಪುಣೆಯಲ್ಲಿ ಶುರುವಾಗಿತ್ತು. ಮಳೆಮಾಪಕ, ಗಾಳಿಯ ವೇಗ ಅಳೆಯುವ ಯಂತ್ರ, ಗಾಳಿ ಯಾವ ದಿಕ್ಕಿನದು ಅಂತ ತೋರಿಸುವ ಸಾಧನ ಇವೆಲ್ಲ. 1953ರ ಹೊತ್ತಿಗೆ ಆ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಕೈಕೆಳಗೆ 121 ಜನ ಗಂಡಸರು. ಸುಮಾರು ನೂರು ಬಗೆಯ ಉಪಕರಣಗಳಿಗೆ ಅವರು ಪ್ರಮಾಣಿತ ಡ್ರಾಯಿಂಗ್ ಮಾಡಿಸಿ, ತಯಾರಿಕೆ ಶುರು ಮಾಡಿಸಿದರು.

ಡ್ರಾಯಿಂಗ್ ಅಂದರೆ ಏನು ಮಹಾ ಅಂತ ಅನ್ನಿಸಬಹುದು. 2018ಕ್ಕೆ ಮುಂಚೆ ನನಗೂ ಹಾಗೇ ಅನ್ನಿಸುತ್ತಿತ್ತೋ ಏನೋ. ಆಲಿಕೆ ಒಂದು ಕಡೆ ತಯಾರಾಗುತ್ತದೆ, ಗ್ಲಾಸು ಇನ್ನೊಂದು ಕಡೆ. ಬಾಯಿ ಇಷ್ಟೇ ಅಗಲ, ಅಂಚು ಇಷ್ಟೇ ಚೂಪು, ಗ್ಲಾಸಿನ ಗೆರೆ ಇಷ್ಟಿಷ್ಟೇ ದೂರ ಅಂತ ಒಂದು ಕಾಗದದಲ್ಲಿ ಗಟ್ಟಿಯಾಗಿ ಬರೆದಿದ್ದರೆ ಮಾತ್ರ ಅವೆರಡೂ ಒಂದಕ್ಕೊಂದು ಹೊಂದುತ್ತವೆ. ಆಗುಂಬೆಯ ಮಳೆಯನ್ನೂ ಚಳ್ಳಕೆರೆಯ ಮಳೆಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಹೊಸದೊಂದು ಕಂಡುಹಿಡಿದವರ ಹೆಸರು ಪಾಠದಲ್ಲಿ ಬರುತ್ತದೆ. ಗೆರೆ ಸರಿಯಾಗಿ ಎಳೆಸಿದವರ ಹೆಸರು ಎಲ್ಲೂ ಬರುವುದಿಲ್ಲ.

ಮಳೆಗೇ ಅವರು ನಿಲ್ಲಲಿಲ್ಲ. 1957–58ರಲ್ಲಿ ದೇಶದ ಬೇರೆ ಬೇರೆ ಕಡೆ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಬಲೂನಿನಲ್ಲಿ ಮೇಲೆ ಹೋಗಿ ಓಝೋನ್ ಅಳೆಯುವ ಸಾಧನ ಇಲ್ಲೇ ತಯಾರಾಗುವಂತೆ ಮಾಡಿದರು. ಬಾಹ್ಯಾಕಾಶ ವಿಜ್ಞಾನಿ ವಿಕ್ರಂ ಸಾರಾಭಾಯಿ ಕೇಳಿದಾಗ ಕೇರಳದ ‘ತುಂಬಾ’ ಅನ್ನುವ ಊರಿನ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ಹಾಕಿಕೊಟ್ಟರು. 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದರು. ಗಾಳಿ, ಬಿಸಿಲು ಅಳೆಯುವ ಉಪಕರಣ ಮಾಡುವ ಸಣ್ಣ ವರ್ಕ್‌ಶಾಪ್ ಹಾಕಿದರು. ದೇಶದ ಬಿಸಿಲಿನ ಲೆಕ್ಕವನ್ನು 1980 ಮತ್ತು 1981ರಲ್ಲಿ ಎರಡು ದಪ್ಪ ಪುಸ್ತಕಗಳಾಗಿ ತಂದರು. ಎಲ್ಲಿ ಎಷ್ಟು ಗಾಳಿ ಬೀಸುತ್ತದೆ ಅನ್ನುವುದನ್ನೂ ಅಳೆಸಿದರು. ಚಿತ್ರದುರ್ಗದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರ ಬಸ್ಸಿನಿಂದ ಕಂಡಾಗೆಲ್ಲ ಈಗ ನನಗೆ ಅವರ ನೆನಪಾಗುತ್ತದೆ. 2001ರ ಆಗಸ್ಟಿನಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಈ ಸಲ ಫೆಬ್ರವರಿಯಲ್ಲಿ ಮಗಳಿಗೆ ಸ್ಕೂಲಿನಲ್ಲಿ ವಿಜ್ಞಾನ ದಿನಕ್ಕೆ ಮಾತಾಡಬೇಕಿತ್ತು. ವಿಷಯ, ಮಹಿಳಾ ವಿಜ್ಞಾನಿಗಳು. ಮೇರಿ ಕ್ಯೂರಿ, ಕಲ್ಪನಾ ಚಾವ್ಲಾ ಎಲ್ಲ ಬೇರೆಯವರು ತಗೊಂಡುಬಿಟ್ಟಿದ್ದಾರೆ ಅಂತ ಮುಖ ಸಣ್ಣ ಮಾಡಿಕೊಂಡು ಬಂದಳು. ನಾನು ಅನ್ನಾ ಮಣಿಯ ಕಥೆ ಹೇಳಿದೆ. ಮಾವ ಜಗಲಿಯಲ್ಲಿ ಅಡಿಕೆ ಆರಿಸುತ್ತಾ ಕೇಳಿಸಿಕೊಳ್ಳುತ್ತಿದ್ದರು. ಎದ್ದು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ತಂದರು. 2018ರ ಆ ತಪ್ಪು ಗ್ಲಾಸು. ಬಿಸಾಡಿದ್ದಾರೆ ಅಂತಲೇ ನಾನು ಅಂದುಕೊಂಡಿದ್ದೆ.

"ಇದನ್ನೂ ತಗೊಂಡು ಹೋಗು ಪುಟ್ಟಿ. ಸರಿ ಇರೋದನ್ನೂ ತಗೊಂಡು ಹೋಗು. ಎರಡಕ್ಕೂ ಒಂದೇ ಅಳತೆ ನೀರು ಹಾಕಿ ತೋರಿಸು" ಅಂದರು. ಅವಳು ಹಾಗೇ ಮಾಡಿದಳು. ಒಂದು ಗ್ಲಾಸು 10 ತೋರಿಸಿತು, ಒಂದು 5. ಹಿಂದಿನ ಬೆಂಚಿನ ಹುಡುಗರು ಎದ್ದು ಬಂದು ನೋಡಿದರಂತೆ. ಅವರಲ್ಲಿ ಮೂರ್ನಾಲ್ಕು ಮನೆಗಳಲ್ಲಿ ರೇನ್‌ಗೇಜ್ ಇದೆ. ಒಬ್ಬ ಮಾರನೇ ದಿನ ಬಂದು, "ನಮ್ಮದು ಸರಿ ಇದೆ ಕಣೇ" ಅಂದನಂತೆ.

ನಿಮ್ಮನೆಯಲ್ಲೂ ಇದ್ದರೆ ಮುಂಗಾರು ಹಿಡಿಯುವ ಮೊದಲು ಒಂದು ಸಲ ನೋಡಿಬಿಡಿ. ಆಲಿಕೆಯ ಬಾಯಿ ಅಡ್ಡಗಲ ಸುಮಾರು 11.3 ಸೆಂಟಿಮೀಟರ್ ಇದ್ದರೆ 100 ಎಂಎಲ್ ನೀರಿಗೆ ಗ್ಲಾಸು 10 ಮಿಲಿಮೀಟರ್ ತೋರಿಸಬೇಕು. ಸುಮಾರು 16 ಸೆಂಟಿಮೀಟರ್ ಇದ್ದರೆ 5. ಬೇರೆ ತೋರಿಸಿದರೆ ಗ್ಲಾಸು ಬದಲಾಯಿಸಿ. ಪುಸ್ತಕದಲ್ಲಿ ಬರೆದದ್ದನ್ನು ಅಳಿಸಬೇಡಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ.