ಮಾಟುಂಗದ ಕೊಳಲು–ಕಂಪ್ಯೂಟರ್ ಪ್ರಯೋಗ: ಪೆಡಲ್ ಎಡಮಂಡಿಯ ಪಕ್ಕಕ್ಕೆ

ಕರ್ನಾಟಕ ಸಂಗೀತದ ಕೊಳಲಿಗೆ ಕಂಪ್ಯೂಟರ್ ಜೊತೆಗೂಡುವ ಈ ಪ್ರಯೋಗದ ಸದ್ಯದ ಸ್ಥಿತಿ: ಐದು ಮನೆ ಶ್ರುತಿಯ ಕೊಳಲು, ತಂಬೂರಿ, ಒಂದು ಲ್ಯಾಪ್‌ಟಾಪ್, ಎರಡು ಸ್ಪೀಕರ್. ಪ್ಯೂರ್ ಡೇಟಾ ಎಂಬ ಸಂಗೀತ ತಂತ್ರಾಂಶದಲ್ಲಿ ಬರೆದ ಪ್ಯಾಚ್ (ಪ್ರೋಗ್ರಾಂ) ಆಲಾಪನೆಯ ಭಾಗದಲ್ಲಿ ನೆಟ್ಟಗೆ ಓಡುತ್ತಿದೆ. ಮೃದಂಗ ಸೇರುವ ಭಾಗ ಬಾಕಿ.

ಮಾದರಿಗೆ ಇಟ್ಟುಕೊಂಡದ್ದು ಫಿನ್‌ಲೆಂಡಿನ ಸಂಗೀತ ಸಂಯೋಜಕಿ ಕೈಯಾ ಸಾರಿಯಾಹೊ (1952–2023) ನಡೆದ ದಾರಿ. 1982ರಲ್ಲಿ ಪ್ಯಾರಿಸ್ಸಿನ ಸಂಗೀತ ಸಂಶೋಧನಾ ಕೇಂದ್ರ ಇರ್ಕಾಮ್‌ಗೆ ಹೋದ ಆಕೆ ಆರಂಭದಲ್ಲಿ ವಾದ್ಯವೃಂದಕ್ಕೆ ಮೊದಲೇ ಮುದ್ರಿಸಿದ ಟೇಪ್ ಜೋಡಿಸಿ ಬರೆದರು. ಟೇಪ್ ಯಾರಿಗೂ ಕಾಯುವುದಿಲ್ಲ, ವಾದಕರೇ ಅದರ ಹಿಂದೆ ಓಡಬೇಕು. 1992ರ ‘ನೊವಾನೊವಾ’ದಲ್ಲಿ ಕೊಳಲು ನುಡಿಸುವವರೇ ಪೆಡಲ್ ಒತ್ತಿ ಮುಂದಿನ ಘಟ್ಟ ತೆರೆಯುತ್ತಾರೆ. ಆಲಾಪನೆ ಎಷ್ಟು ಹೊತ್ತು ಬೆಳೆಯುತ್ತದೆಂದು ಮೊದಲೇ ಹೇಳಲಾಗದ ನಮ್ಮ ಪದ್ಧತಿಗೆ ಈ ಎರಡನೆಯ ದಾರಿಯೇ ಸರಿ. ಆಕೆಯಿಂದ ಪಡೆದ ಇನ್ನೊಂದು ವಿಷಯ ಉಸಿರಿನ ಸದ್ದು. ನಮ್ಮಲ್ಲಿ ಅದು ದೋಷ. ಅವರ ಕೊಳಲು ರಚನೆಗಳಲ್ಲಿ ಅದೂ ಸಾಮಗ್ರಿ.

ತೊಡಕು ಶುರುವಾಗುವುದು ಕೂರುವ ಭಂಗಿಯಿಂದ. ಚಕ್ಕಳಮಕ್ಕಳ ಹಾಕಿ ಕೂತವರಿಗೆ ಕಾಲಿನ ಪೆಡಲ್ ಎಲ್ಲಿಡುವುದು? ಎರಡೂ ಕೈ ಕೊಳಲಿನ ಮೇಲೆ. ತಾಳ ಹಾಕುವುದು ಬಲಗಾಲಿನ ಬೆರಳಲ್ಲಿ, ಹಾಗಾಗಿ ಬಲಮಂಡಿ ಸದಾ ಅಲುಗುತ್ತದೆ. ಚಪ್ಪಟೆ ಸ್ವಿಚ್ಚನ್ನು ಎಡಮಂಡಿಯ ಹೊರಬದಿಗೆ ಇಟ್ಟು, ಅಕ್ಕಪಕ್ಕ ಸ್ಪಂಜಿನ ತುಂಡು ಕೊಟ್ಟರೆ ಬೇಕೆಂದೇ ಒತ್ತಿದಾಗ ಮಾತ್ರ ತಗಲುತ್ತದೆ. ಅಗ್ಗದ ಸ್ವಿಚ್ಚುಗಳು ಒಂದೇ ಒತ್ತಿಗೆ ಎರಡು ಸಲ ಬಡಿಯುತ್ತವೆ. ಒಮ್ಮೆ ಸಿಗ್ನಲ್ ಬಂದ ಮೇಲೆ 400 ಮಿಲಿಸೆಕೆಂಡ್ ಕಿವುಡಾಗಿರುವಂತೆ ಪ್ಯಾಚಿನಲ್ಲೇ ತಡೆ ಹಾಕಿದೆ.

ಮೈಕ್: ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಸಣ್ಣ ಕಾರ್ಡಿಯಾಯ್ಡ್ ಕಂಡೆನ್ಸರ್, ಊದುರಂಧ್ರದಿಂದ ಸುಮಾರು 20 ಸೆಂ.ಮೀ. ಮೇಲೆ, ಓರೆಯಾಗಿ. ನೇರ ಎದುರಿಗಿಟ್ಟರೆ ಉಸಿರು ಢಬಢಬ ಬಡಿಯುತ್ತದೆ. ದೂರ ಎರಡರಷ್ಟಾದರೆ ನೇರ ಧ್ವನಿ 6 ಡೆಸಿಬೆಲ್ ಇಳಿದು, ಅದನ್ನು ತುಂಬಲು ಹೋದಾಗ ಸ್ಪೀಕರ್ ಕೂಗುತ್ತದೆ. ಈ ಕೊಳಲಿನ ಷಡ್ಜ 392 ಹರ್ಟ್ಸ್, ಮಂದ್ರ ಪಂಚಮ 294. ಆದ್ದರಿಂದ 200ರ ಕೆಳಗಿನದನ್ನು ಕತ್ತರಿಸಿದರೆ ನಷ್ಟವಿಲ್ಲ, ಫ್ಯಾನಿನ ಗುಂಯ್ ಹೋಗುತ್ತದೆ.

ತಂಬೂರಿಗೆ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಸಿಗುವ 27 ಮಿ.ಮೀ. ಪೀಜೋ ಬಿಲ್ಲೆ (ಅದುರನ್ನು ವಿದ್ಯುತ್ತಾಗಿಸುವಂಥದು), ತಂತಿಗಳು ಹಾಯುವ ಕುದುರೆಯ ಪಕ್ಕದಲ್ಲಿ. ಇಂಥ ಬಿಲ್ಲೆಯ ಧಾರಕತೆ 20 ನ್ಯಾನೊಫ್ಯಾರಡ್ ಆಸುಪಾಸು. 10 ಕಿಲೋ ಓಮ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಸುಮಾರು 800 ಹರ್ಟ್ಸ್‌ನ ಕೆಳಗಿನದೆಲ್ಲ ಸೋರಿಹೋಗಿ ತಗಡಿನ ಡಬ್ಬಿಯ ಸದ್ದು ಉಳಿಯುತ್ತದೆ. 1 ಮೆಗಾ ಓಮ್‌ನ ಗಿಟಾರ್ ಇನ್‌ಪುಟ್ ಆದರೆ ಆ ಗಡಿ 8 ಹರ್ಟ್ಸ್‌ಗೆ ಇಳಿಯುತ್ತದೆ. ಪೀಜೋ ಕೆಟ್ಟದ್ದೆಂದು ಬೈಯುವವರು ಮೊದಲು ಇದನ್ನು ನೋಡಬೇಕು.

ಪ್ಯಾಚಿನ ತಿರುಳು ತೀರ ಸರಳ: ಕೊಳಲು ಮೆಲ್ಲಗಾದಷ್ಟೂ ರಿವರ್ಬ್ (ಕೃತಕ ಅನುರಣನ) ಹೆಚ್ಚು. ಧ್ವನಿಯ ಮಟ್ಟ ಅಳೆಯಲು ಪ್ಯೂರ್ ಡೇಟಾದ ‘ಎನ್ವ್’. ಅದರ ಅಳತೆಯಲ್ಲಿ ಪೂರ್ತಿ ಮಟ್ಟ 100. ಆದರೆ ವಾದಕರು ನಿಲ್ಲಿಸಿದ ಕೂಡಲೇ ರಿವರ್ಬ್ ಪೂರ್ತಿ ತೆರೆದು, ಕೋಣೆಯ ಗದ್ದಲವನ್ನೇ ದೊಡ್ಡದು ಮಾಡುತ್ತದೆ. 55ಕ್ಕಿಂತ ಕೆಳಗೆ ಬಂದಾಗ ರಿವರ್ಬ್‌ಗೆ ಹೋಗುವ ದಾರಿ ಮುಚ್ಚಬೇಕು, ಅದೂ ತಟ್ಟನೆ ಅಲ್ಲ, 80 ಮಿಲಿಸೆಕೆಂಡಿನ ಇಳಿಜಾರಿನಲ್ಲಿ. ಈಗಾಗಲೇ ಒಳಗೆ ಹೋದ ನಾದ ತಾನಾಗಿ ಕರಗುತ್ತದೆ.

ಜೊತೆಗೂಡುವ ಸ್ವರಗಳನ್ನು ಪಿಯಾನೋದ ಲೆಕ್ಕದಲ್ಲಿ ಕೊಡಬಾರದು. ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್. ನಾಲ್ಕು ಅರ್ಧಸ್ವರ ಎಂದರೆ 400 ಸೆಂಟ್; ತಂಬೂರಿಯಲ್ಲಿ ತಾನಾಗಿ ಕೇಳುವ ಅಂತರ ಗಾಂಧಾರ 386. ಆ ವ್ಯತ್ಯಾಸದಿಂದ 490 ಹರ್ಟ್ಸ್ ಆಸುಪಾಸಿನಲ್ಲಿ ಧ್ವನಿ ಸೆಕೆಂಡಿಗೆ ನಾಲ್ಕು ಸಲ ಏರಿಳಿದು, ಕಿವಿ ಇರುವ ಯಾರಿಗೂ ಸಹಿಸಲಾಗದು. ಅರ್ಧಸ್ವರ ಬಿಟ್ಟು 1.25, 1.5 ಎಂದು ನೇರ ಅನುಪಾತ ಬರೆದರೆ ಕೂಡಿಕೊಳ್ಳುತ್ತದೆ.

ಶ್ರುತಿಯ ಇನ್ನೊಂದು ಶತ್ರು ಏಸಿ. ಕೊಳಲಿನೊಳಗಿನ ಗಾಳಿ 1 ಡಿಗ್ರಿ ಬಿಸಿಯಾದರೆ ಸ್ವರ 3 ಸೆಂಟ್ ಏರುತ್ತದೆ. ಊದುವ ಉಸಿರೇ ಒಳಗಾಳಿಯನ್ನು ಬಿಸಿ ಮಾಡುವುದರಿಂದ ಕೋಣೆಯ ಏರಿಳಿತ ಪೂರ್ತಿ ತಟ್ಟುವುದಿಲ್ಲ, ಆದರೂ 24ರಿಂದ 30ಕ್ಕೆ ಹೋದಾಗ ಕಂಪ್ಯೂಟರಿನ ಷಡ್ಜ ಮಾತ್ರ ಕದಲದೆ ಬೇರೆಯಾಗಿ ನಿಲ್ಲುತ್ತದೆ. ಅದನ್ನು ಗಟ್ಟಿಯಾಗಿ ಹಿಡಿದಿಡದೆ, ±20 ಸೆಂಟ್ ಸರಿಸುವ ಗುಂಡಿಯನ್ನು ತಂಬೂರಿ ಮೀಟುವವರ ಕೈಗೆ ಕೊಟ್ಟಿದೆ. ತಾನಾಗಿ ಹಿಂಬಾಲಿಸುವ ವ್ಯವಸ್ಥೆ ಬೇಡ: ಗಮಕ ಬಂದಾಗ ಸ್ವರದ ಎತ್ತರ ಗುರುತಿಸುವ ‘ಸಿಗ್ಮಂಡ್’ ಯಾವುದನ್ನು ಷಡ್ಜ ಎನ್ನಬೇಕೆಂದೇ ತಿಳಿಯದೆ ಓಲಾಡುತ್ತದೆ.

ಮುಂದಿನದು ಮೃದಂಗ. 48 ಕಿಲೋಹರ್ಟ್ಸ್‌ನಲ್ಲಿ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಧ್ವನಿ ಮಾದರಿಗಳ ಸಂಖ್ಯೆ) 256 ಇದ್ದರೆ ಒಳಗೆ ಹೊರಗೆ ಸೇರಿ 10.7 ಮಿಲಿಸೆಕೆಂಡ್ ತಡ. ಕೊಳಲಿಗೆ ಅದು ಲೆಕ್ಕಕ್ಕಿಲ್ಲ, ಮೃದಂಗಕ್ಕೆ ಕೂಡದು. 64ಕ್ಕೆ ಇಳಿಸಿದರೆ 2.7, ಆದರೆ ರಿವರ್ಬ್ ಭಾರಕ್ಕೆ ಚಿಟಿಚಿಟಿ ಸದ್ದು ಬರುತ್ತದೆ. ರಿವರ್ಬನ್ನು ಎರಡನೆಯ ಲ್ಯಾಪ್‌ಟಾಪಿಗೆ ಬಿಡುವ ಯೋಚನೆ ಇದೆ. ಹೊಡೆತ ಗುರುತಿಸಲು ‘ಬಾಂಕ್’. ಎಡಮುಖಕ್ಕೆ ಮೆತ್ತಿದ ರವೆ ಏಸಿಗೆ ಒಣಗಿದಂತೆ ಗುಂಕಿಯ (ತಗ್ಗಿನ ನಾದದ) ಶ್ರುತಿ ಏರಿ ಗುರುತು ತಪ್ಪುತ್ತದೆ, ಹಾಗಾಗಿ ಸದ್ಯಕ್ಕೆ ಬಲಮುಖದ ಚಾಪು ಎಂಬ ಹೊಡೆತಕ್ಕೆ ಮಾತ್ರ ಕಂಪ್ಯೂಟರ್ ಉತ್ತರ ಕೊಡುವಂತೆ ಬರೆಯಲಾಗುತ್ತಿದೆ.