ಪೇಟೆ ಶಾಲೆ ಕೆಲಸ ಎಲ್ಲಿಗೆ ಬಂತು

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ. ಹೆಂಚಿನ ಕೆಲಸ ಮುಗಿದಿದೆ. ಶೌಚಾಲಯದ ಬಾಗಿಲು ಆಗಿದೆ, ನೀರು ಇನ್ನೂ ಇಲ್ಲ. ಓದಿಸುವ ತಂಡ ನಡೆಯುತ್ತಿದೆ. ಸ್ಮಾರ್ಟ್ ಟಿವಿ ಕೈಬಿಟ್ಟಿದ್ದೇವೆ. ಗೋಡೆಗೆ ಬಣ್ಣ ಈ ವರ್ಷ ಇಲ್ಲ, ದಯವಿಟ್ಟು ಯಾರೂ ಮತ್ತೆ ಕೇಳಬೇಡಿ.

ಹೊಸಬರಿಗೆ ಒಂದೆರಡು ಮಾತು. ನಮ್ಮದು ಶಿವಮೊಗ್ಗದ ಸಣ್ಣ ಸೇವಾ ಕ್ಲಬ್. ಅಡಿಕೆ ಮಂಡಿಯವರು, ಒಬ್ಬರು ಹಲ್ಲಿನ ಡಾಕ್ಟರು, ಒಂದಿಷ್ಟು ನಿವೃತ್ತ ಬ್ಯಾಂಕಿನವರು, ಎಲೆಕ್ಟ್ರಿಕಲ್ ಅಂಗಡಿಯವರು. ಮೀಟಿಂಗು ಯಾವ ವಿಷಯಕ್ಕೆ ಸೇರಿದರೂ ಕೊನೆಗೆ ಅಡಿಕೆಯ ರಾಶಿ ಇಡಿ ರೇಟಿಗೇ ಬಂದು ನಿಲ್ಲುತ್ತದೆ. ಶಾಲೆ ಹಳೇ ಪೇಟೆಯದು, ಸರ್ಕಾರಿ ಕಿರಿಯ ಪ್ರಾಥಮಿಕ, ಒಂದರಿಂದ ಐದು. ಮಕ್ಕಳ ಅಪ್ಪ ಅಮ್ಮಂದಿರು ಗಾಂಧಿ ಬಜಾರಿನಲ್ಲಿ ಹೂ ಕಟ್ಟುವವರು, ತರಕಾರಿ ಗಾಡಿಯವರು, ಹಮಾಲಿಗಳು, ಟೈಲರುಗಳು. ಮನೆಯಲ್ಲಿ ಉರ್ದು, ತಮಿಳು, ಲಂಬಾಣಿ, ಕನ್ನಡ, ಎಲ್ಲ ಇದೆ.

ಸೇವಾ ಕ್ಲಬ್ ಅಂದರೆ ಬ್ಯಾಗು, ನೋಟ್‌ಬುಕ್ಕು, ಒಂದು ಬ್ಯಾನರು, ಒಂದು ಗ್ರೂಪ್ ಫೋಟೊ, ಅಷ್ಟೇ ಅಲ್ವಾ. ಶಾಲೆ ಶುರುವಾಗುವ ಹೊತ್ತಿಗೆ ಬ್ಯಾಗು ಹಂಚುವವರೇ ಜಾಸ್ತಿ. ಹೆಡ್ ಮೇಡಂ ಕಪಾಟು ತೆಗೆದು ತೋರಿಸಿದರು, ಹಿಂದಿನ ವರ್ಷದ ಬ್ಯಾಗುಗಳು ಪ್ಲಾಸ್ಟಿಕ್ ಸಮೇತ ಹಾಗೇ ಕೂತಿದ್ದವು. ಕೊಟ್ಟವರಿಗೆ ಬೇಜಾರಾಗಬಾರದು ಅಂತ ತೆಗೆದುಕೊಂಡಿದ್ದಂತೆ.

ಫೆಬ್ರವರಿ

ಸರ್ಕಾರಿ ಶಾಲೆಯಲ್ಲಿ ಏನೇ ಮಾಡಬೇಕಾದರೂ ಎಸ್‌ಡಿಎಂಸಿಯ (ಪೋಷಕರೇ ಹೆಚ್ಚಿರುವ ಶಾಲಾಭಿವೃದ್ಧಿ ಸಮಿತಿ) ಜೊತೆ ಕೂತು ಮಾತಾಡಿ, ಅದು ಠರಾವು ಬರೆದ ಮೇಲೆ ಕೈ ಹಾಕುವುದು ಒಳ್ಳೆಯದು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ನಮ್ಮವರು ಸಂಜೆ ಏಳಕ್ಕೆ ಮೀಟಿಂಗ್ ಇಡೋಣ ಅಂದರು. ಆಗುವುದಿಲ್ಲ. ಹೂವಿನವರು ಬೆಳಗಿನ ಜಾವ ಏಳುವವರು, ಸಂಜೆ ಮತ್ತೆ ವ್ಯಾಪಾರ. ಕೊನೆಗೆ ಮಧ್ಯಾಹ್ನ ಮೂರಕ್ಕೆ, ಬಿಸಿಯೂಟದ ಪಾತ್ರೆ ತೊಳೆದಾದ ಮೇಲೆ, ವರಾಂಡದಲ್ಲಿ ಸೇರಿದೆವು.

ನಾವು ಟಿವಿಯ ಕೊಟೇಶನ್ ಹಿಡಿದುಕೊಂಡೇ ಹೋಗಿದ್ದೆವು. ಎಲ್ಲರೂ ತಲೆ ಆಡಿಸುತ್ತಾ ಕೇಳಿದರು. ಆಮೇಲೆ ಹಿಂದೆ ಕೂತಿದ್ದ ಒಬ್ಬ ತಾಯಿ, "ಟಿವಿ ಮನೇಲೂ ಇದೆ ಸಾರ್. ಹೆಣ್ಣುಮಕ್ಕಳ ಕಕ್ಕಸಿನ ಬಾಗಿಲಿಗೆ ಚಿಲಕ ಇಲ್ಲ. ನಮ್ಮ ಹುಡುಗಿ ಮನೆಗೆ ಬರೋವರೆಗೂ ನೀರೇ ಕುಡಿಯಲ್ಲ" ಅಂದರು. ಆಮೇಲೆ ಮಾತು ಒಂದೊಂದಾಗಿ ಬಂತು: ಎರಡನೇ ಕೋಣೆ ಸೋರುತ್ತದೆ, ಯೂನಿಫಾರ್ಮ್ ಒಣಗುವುದಿಲ್ಲ, ನಲ್ಲಿ ನೀರು ಬರುವ ಹೊತ್ತಿಗೆ ಶಾಲೆಗೆ ಬೀಗ. ಕೊಟೇಶನ್ ಅಲ್ಲೇ ಮಡಚಿ ಜೇಬಿಗಿಟ್ಟುಕೊಂಡೆವು.

ಏಪ್ರಿಲ್, ಮೇ

ಹೆಂಚಿನ ಕೆಲಸಕ್ಕೆ ಬೇಸಿಗೆ ರಜೆ ಬಿಟ್ಟರೆ ಬೇರೆ ಗತಿ ಇಲ್ಲ. ಮಕ್ಕಳೂ ಇರಬಾರದು, ಮಳೆಯೂ ಇರಬಾರದು. ಮೇ ತಿಂಗಳ ಗುಡುಗು ಮಳೆ ಯಾರ ಮಾತೂ ಕೇಳುವುದಿಲ್ಲ, ಹಾಗಾಗಿ ಏಪ್ರಿಲ್‌ನಲ್ಲೇ ಏಣಿ ಹಾಕಿಸಿದೆವು.

ಮಂಗಳೂರು ಹೆಂಚು ಅಂದರೆ ಎಲ್ಲ ಒಂದೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು, ಒಬ್ಬೊಬ್ಬರ ಅಚ್ಚು ಒಂದೊಂದು ಥರ. ಹಳೇ ಹೆಂಚಿನ ಗಾಡಿಗೆ, ಅಂದರೆ ಅಂಚಿನ ತೋಡಿಗೆ, ಹೊಸ ಹೆಂಚು ಸರಿಯಾಗಿ ಕೂರುವುದಿಲ್ಲ. ಕೂತಂತೆ ಕಾಣುತ್ತದೆ, ಗಾಳಿ ಮಳೆಗೆ ಆ ಸಂದಿಯಲ್ಲೇ ನೀರು ಒಳಗೆ. ಹಿಂದೆ ಯಾರೋ ಹೊಸ ಹೆಂಚು ಸೇರಿಸಿ ರಿಪೇರಿ ಮಾಡಿದ್ದರು, ಸೋರುತ್ತಿದ್ದದ್ದೂ ಅಲ್ಲಿಯೇ. ಉಳಿದ ಕಡೆ ಮಂಗಗಳ ಕೆಲಸ. ತೀರ್ಥಹಳ್ಳಿ ಕಡೆ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುತ್ತಿದ್ದವರ ಹತ್ತಿರ ಅದೇ ಅಚ್ಚಿನ ಹೆಂಚು ಸಿಕ್ಕಿತು. ಹೆಂಚಿಗಿಂತ ಸಾಗಣೆಗೇ ಜಾಸ್ತಿ ಖರ್ಚಾಯಿತು.

ಮೇಸ್ತ್ರಿ ಒಂದೊಂದು ಹೆಂಚನ್ನೂ ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳ ಗೆಣ್ಣಿನಿಂದ ಬಡಿಯುತ್ತಿದ್ದರು. ಟಣ್ ಅಂದರೆ ಈ ಕಡೆ, ಡಬ್ ಅಂದರೆ ಆ ಕಡೆ. ಡಬ್ ಅಂದ ಹೆಂಚಿನಲ್ಲಿ ನನಗೆ ಒಂದು ಬಿರುಕೂ ಕಾಣಲಿಲ್ಲ. ಅವರು ಅದರ ಮೇಲೆ ಚೊಂಬಿನಿಂದ ನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟರು, ಅಡಿಯಲ್ಲಿ ಕೂದಲೆಳೆಯಂಥ ಒದ್ದೆ ಗೆರೆ ಮೂಡಿತು. ಗೆದ್ದಲು ಹಿಡಿದ ಪಕಾಸಿ, ರೀಪು (ಹೆಂಚು ಹೊರುವ ಮರದ ಪಟ್ಟಿಗಳು) ಬದಲಾಯಿಸಿ, ಕತ್ತಲೆ ಕೋಣೆಗೆ ಎರಡು ಗಾಜಿನ ಹೆಂಚು ಕೂರಿಸಿದ್ದೇವೆ. ಈಗ ಹಗಲು ಲೈಟ್ ಹಾಕುವುದೇ ಬೇಡ.

ಚಿಲಕದ ಕೆಲಸ ಸಣ್ಣದು, ಆದರೆ ಬಡಗಿಯ ಬುದ್ಧಿ ಮೆಚ್ಚಬೇಕು. ಅಡುಗೆ ಅಕ್ಕನ ಮಗಳು ಒಂದನೇ ಕ್ಲಾಸು. ಅವಳನ್ನು ಬಾಗಿಲ ಹತ್ತಿರ ನಿಲ್ಲಿಸಿ, ಕೈ ಎತ್ತಿಸಿ, ಬೆರಳು ತಾಗಿದಲ್ಲಿ ಪೆನ್ಸಿಲ್ ಗೆರೆ ಎಳೆದು, ಅದಕ್ಕಿಂತ ಒಂದು ಗೇಣು ಕೆಳಗೆ ಚಿಲಕ ಹೊಡೆದರು.

ಜೂನ್

ಕ್ಲಬ್ಬಿನ ಒಬ್ಬರು ಬೆಂಚು ಡೆಸ್ಕು ಕೊಡಿಸುತ್ತೇನೆ ಅಂತ ಮುಂದೆ ಬಂದರು. ಒಳ್ಳೇ ಮನಸ್ಸು, ಆದರೆ ನಲಿ-ಕಲಿ (ಆಡುತ್ತಾ ಕಲಿಯುವ ಪದ್ಧತಿ) ಕ್ಲಾಸಿನ ಮಿಸ್ ಕೈ ಮುಗಿದು ಬೇಡ ಅಂದರು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೇ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಈ ಗುಂಪುಗಳಿಗೆ ತಟ್ಟೆ ಅಂತಾರೆ. ಮೊದಲ ತಟ್ಟೆಯಲ್ಲಿ ಮಿಸ್ ಪೂರ್ತಿ ಜೊತೆಗಿರುತ್ತಾರೆ, ಕೊನೇ ತಟ್ಟೆಯಲ್ಲಿ ಮಗು ತಾನೇ ಕಲಿಯುತ್ತದೆ. ಕಾರ್ಡು ಹಿಡಿದು ಮಕ್ಕಳು ಅಲ್ಲಿಂದಿಲ್ಲಿಗೆ ಓಡಾಡುತ್ತಲೇ ಇರಬೇಕು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಅಲ್ಲಿ ಬೆಂಚು ಹಾಕಿದರೆ ಕಥೆ ಮುಗೀತು. ಬದಲಿಗೆ ಕೇಳಿದ್ದು ಚಾಪೆ. ಮಲೆನಾಡಿನ ಮಳೆಗಾಲದಲ್ಲಿ ನೆಲ ಜಿನುಗುತ್ತದೆ, ಹುಲ್ಲಿನ ಚಾಪೆಗೆ ಬೂಸ್ಟು ಹಿಡಿಯುತ್ತದೆ, ಹಾಗಾಗಿ ಒರೆಸಿದರೆ ಹೋಗುವ ದಪ್ಪ ರಬ್ಬರಿನದು. ಬೆಂಚಿನ ದಾನಿಗಳು ಸ್ವಲ್ಪ ಮುಖ ಸಪ್ಪೆ ಮಾಡಿಕೊಂಡರೂ ಚಾಪೆ ಕೊಡಿಸಿದರು.

ದುಡ್ಡಿನ ವಿಷಯಕ್ಕೆ ಒಂದು ಮಾತು: ಮಂಡಿಯವರಿಗೆ ನಗದು ಕೊಟ್ಟೇ ಅಭ್ಯಾಸ, ಆಮೇಲೆ ರಸೀದಿ ಕೇಳುತ್ತಾರೆ. 2,000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ದಾನಕ್ಕೆ ಸಿಗುವ ಆದಾಯ ತೆರಿಗೆ ವಿನಾಯಿತಿ (80ಜಿ) ಸಿಗುವುದಿಲ್ಲ. ಚೆಕ್ಕೋ ಯುಪಿಐಯೋ ಮಾಡಿ.

ಜುಲೈ

ಕಷ್ಟದ ತಿಂಗಳು, ಮಳೆಯಿಂದ ಅಲ್ಲ. ರೋಟರಿ ಇರಲಿ, ಲಯನ್ಸ್ ಇರಲಿ, ವರ್ಷ ಶುರುವಾಗುವುದು ಜುಲೈ 1ಕ್ಕೆ. ನಮ್ಮದೂ ಅದೇ ಥರ. ಶಾಲೆಯ ವರ್ಷಕ್ಕೆ ಆಗ ಒಂದೇ ತಿಂಗಳು, ಕೆಲಸ ಆಗಷ್ಟೇ ಹದಕ್ಕೆ ಬಂದಿರುತ್ತದೆ, ಅಷ್ಟರಲ್ಲಿ ಹೊಸ ಅಧ್ಯಕ್ಷರ ಪದಗ್ರಹಣ, ಶಾಲು, ಹಾರ, ಹೊಸ ಯೋಜನೆ. ಹಳೇ ಅಧ್ಯಕ್ಷರ ಕೆಲಸ ಮುಂದುವರಿಸಿದರೆ ತಮ್ಮ ಹೆಸರು ಬರುವುದಿಲ್ಲ ಅನ್ನುವ ಲೆಕ್ಕ ಎಲ್ಲ ಕಡೆ ಇದೆ, ಸುಮ್ನೆ ಮುಚ್ಚಿಟ್ಟು ಪ್ರಯೋಜನ ಇಲ್ಲ. ಊರಲ್ಲಿ ಒಂದೇ ವರ್ಷ ಬಾಳಿದ ಕಂಪ್ಯೂಟರ್ ಕೋಣೆಗಳು, ಕೆಟ್ಟು ನಿಂತ ನೀರಿನ ಫಿಲ್ಟರುಗಳು ಹೀಗೆ ಹುಟ್ಟಿದವೇ. ವಾದ ಜೋರಾಗಿಯೇ ನಡೆಯಿತು. ಕೊನೆಗೆ ಒಪ್ಪಿದ್ದು ಇಷ್ಟು: ಮೂರು ವರ್ಷ ಇದೇ ಶಾಲೆ, ರಿಪೇರಿಗೆ ಅಂತಲೇ ಬೇರೆ ಖಾತೆ, ಅಧ್ಯಕ್ಷರು ಬದಲಾದರೂ ಶಾಲೆ ಸಮಿತಿ ಬದಲಾಗುವುದಿಲ್ಲ. ಹೊಸ ಅಧ್ಯಕ್ಷರು ದೊಡ್ಡ ಮನಸ್ಸು ಮಾಡಿದರು. ಬದಲಿಗೆ ಅವರ ಕಣ್ಣಿನ ತಪಾಸಣೆ ಶಿಬಿರಕ್ಕೆ ನಾವೆಲ್ಲ ದುಡಿಯಬೇಕು, ನ್ಯಾಯವೇ ಅದು.

ಇದೇ ತಿಂಗಳು ಒಣ ಬಟ್ಟೆಯ ಪೆಟ್ಟಿಗೆ ಶುರುವಾಯಿತು. ಸರ್ಕಾರ ಎರಡು ಜೊತೆ ಯೂನಿಫಾರ್ಮ್ ಕೊಡುತ್ತದೆ, ಆದರೆ ಆಷಾಢದಲ್ಲಿ ಒಂದೇ ಕೋಣೆಯ ಮನೆಯಲ್ಲಿ ಅದು ಒಣಗಬೇಕಲ್ಲ. ಮಕ್ಕಳು ಒದ್ದೆಯಲ್ಲೇ ಬಂದು ನಡುಗುತ್ತಾ ಕೂರುತ್ತಿದ್ದರು. ಈಗ ಒಂದು ಟ್ರಂಕಿನಲ್ಲಿ ಬೇರೆ ಬೇರೆ ಅಳತೆಯ ಅಂಗಿ, ಚಡ್ಡಿ, ಫ್ರಾಕು, ಟವೆಲ್ಲು ಇವೆ. ಬೆಳಿಗ್ಗೆ ಬದಲಾಯಿಸಿಕೊಂಡು ಸಂಜೆ ಬಿಟ್ಟು ಹೋಗುವುದು. ಪಕ್ಕದ ಬೀದಿಯ ಇಸ್ತ್ರಿ ಅಂಗಡಿಯವರು ಒಗೆದು ಒಣಗಿಸಿ ಕೊಡುತ್ತಾರೆ, ಬಿಲ್ಲು ಕ್ಲಬ್ಬಿಗೆ. ಇಡೀ ಯೋಜನೆಯಲ್ಲಿ ಅತಿ ಅಗ್ಗದ ಕೆಲಸ ಇದು. ಮಿಸ್ಸುಗಳು ಹೆಚ್ಚು ಮೆಚ್ಚಿದ್ದೂ ಇದನ್ನೇ.

ಆಗಸ್ಟ್, ಇಲ್ಲಿಯವರೆಗೆ

ಓದಿಸುವ ತಂಡ ಮಂಗಳವಾರ, ಶುಕ್ರವಾರ ಹೋಗುತ್ತದೆ. ಮಳೆ ರಜೆ ಘೋಷಣೆಯಾದರೆ ಅದೂ ಇಲ್ಲ, ಅವತ್ತು ಬಿಸಿಯೂಟವೂ ಇಲ್ಲ. ನಾಲ್ಕು, ಐದನೇ ಕ್ಲಾಸಿನಲ್ಲಿ ಒತ್ತಕ್ಷರಕ್ಕೆ ತಡವರಿಸುವ ಮಕ್ಕಳಿದ್ದಾರೆ, ಅವರ ಜೊತೆ ಒಬ್ಬೊಬ್ಬರು ಕೂರುತ್ತಾರೆ. ನಮ್ಮ ನಿವೃತ್ತ ಮ್ಯಾನೇಜರ್ ಒಬ್ಬರಿಗೆ ಜೋರಾಗಿ, ಬೇಗ ಬೇಗ ಓದುವ ಚಾಳಿ. ಮನೆಯಲ್ಲಿ ತಮಿಳು ಮಾತಾಡುವ ಹುಡುಗಿ ಅವರ ಕೈ ಹಿಡಿದು ಪುಟದ ಮೇಲಿಟ್ಟು, "ಅಜ್ಜ, ಬೆರಳಿಟ್ಟು ಓದಿ, ನಂಗೆ ಎಲ್ಲಿದೀರ ಅಂತ ಗೊತ್ತಾಗಲ್ಲ" ಅಂದಳು. ಈಗ ಅವರು ಬೆರಳಿಟ್ಟೇ ಓದುತ್ತಾರೆ.

ಬಾಕಿ ಇರುವುದು ನೀರು. ನಲ್ಲಿ ಬರುವುದು ಶಾಲೆ ತೆರೆಯುವ ಮೊದಲೇ. ಆದ್ದರಿಂದ ನೆಲದಡಿ ಸಣ್ಣ ಸಂಪು, ಅದಕ್ಕೆ ಫ್ಲೋಟ್ ವಾಲ್ವ್, ತಾನೇ ತುಂಬಿ ತಾನೇ ನಿಲ್ಲಬೇಕು. ಅಲ್ಲಿಂದ ಮೇಲಿನ ಟ್ಯಾಂಕಿಗೆ ಅರ್ಧ ಎಚ್‌ಪಿ ಮೋಟರ್. ಮೋಟರ್ ನಮ್ಮ ಎಲೆಕ್ಟ್ರಿಕಲ್ ಅಂಗಡಿಯವರದು. ಗುಂಡಿ ತೋಡಲು ಮಳೆ ಬಿಡಬೇಕು, ಅದಕ್ಕೆ ದಸರಾ ರಜೆಗೆ ಇಟ್ಟುಕೊಂಡಿದ್ದೇವೆ. ಕಕ್ಕಸು ತೊಳೆಯುವವರಿಗೆ ತಿಂಗಳ ಸಂಬಳ ಯಾರು ಕೊಡಬೇಕು ಅನ್ನುವುದು ಇನ್ನೂ ತೀರ್ಮಾನ ಆಗಿಲ್ಲ. ರಿಪೇರಿ ಖಾತೆಯಿಂದಲೇ ಕೊಡೋಣ ಅನ್ನುವುದು ನನ್ನ ವಾದ, ಖಜಾಂಚಿ ಒಪ್ಪುತ್ತಿಲ್ಲ. ಮುಂದಿನ ಮೀಟಿಂಗಿಗೆ ಚಿಲಕದ ಮಾತೆತ್ತಿದ ಎಸ್‌ಡಿಎಂಸಿಯ ಆ ತಾಯಿಯನ್ನೂ ಕರೆದಿದ್ದೇವೆ.