ಅಳ್ನಾವರದಲ್ಲಿ ಕೊನೆಯ ಡಬ್ಬಿ

ಹುಬ್ಬಳ್ಳಿ-ಧಾರವಾಡದ ಮಂದಿಗೆ ಸಮುದ್ರ ನೋಡುವುದೆಂದರೆ ವಾಸ್ಕೊ ಗಾಡಿ ಹತ್ತುವುದು. ಮೊನ್ನೆ ಅಳ್ನಾವರ ಸ್ಟೇಷನ್ನಿನಲ್ಲಿ ಅರ್ಧ ದಿನ ಕೂತಾಗ ಕಂಡದ್ದು ಉಲ್ಟಾ: ಸಮುದ್ರದ ಕಡೆಯಿಂದ ನಮ್ಮ ಕಡೆಗೆ ಬರುವ ಸರಕು. ಮುರ್ಮುಗೋವಾ ಬಂದರಿನಲ್ಲಿ ಹಡಗಿನಿಂದ ಇಳಿದ ಕಲ್ಲಿದ್ದಲು ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗೆ ಹೋಗುವ ದಾರಿ ಇದೇ.

1888ರಲ್ಲಿ ಈ ಹಳಿ ಬಂದರು ಮುಟ್ಟಿದಾಗ ಲೆಕ್ಕ ಬೇರೆ ಇತ್ತು. ನಮ್ಮ ಹತ್ತಿ ಘಟ್ಟ ಇಳಿಯಬೇಕು, ಹಡಗು ಹತ್ತಬೇಕು. ಆಮೇಲೆ ಬಳ್ಳಾರಿಯ ಅದಿರೂ ಹಾಗೇ ಇಳಿಯಿತು. ಈಗ ತುಂಬಿದ ಗಾಡಿ ಏರುತ್ತದೆ, ಖಾಲಿ ಗಾಡಿ ಇಳಿಯುತ್ತದೆ. ಕುಳೆಮ್‌ನಿಂದ ಕ್ಯಾಸಲ್‌ರಾಕ್‌ವರೆಗಿನ ಏರು 37ಕ್ಕೆ 1: ಮೂವತ್ತೇಳು ಮೀಟರ್ ಸರಿದರೆ ಒಂದು ಮೀಟರ್ ಎತ್ತರ. 58 ಡಬ್ಬಿಯ ಒಂದು ಗಾಡಿಯಲ್ಲಿ ಮೂರೂವರೆ ಸಾವಿರ ಟನ್ನಿನಷ್ಟು ಕಲ್ಲಿದ್ದಲು. ಎಲ್ಲ ಎಂಜಿನ್ ಮುಂದೆಯೇ ಕಟ್ಟಿ ಎಳೆದರೆ ಮುಂದಿನ ಡಬ್ಬಿಗಳ ಕೊಂಡಿ ತಾಳುವುದಿಲ್ಲ, ಗಾಡಿ ಎರಡಾಗುತ್ತದೆ. ಅದಕ್ಕೇ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್.

ಇಳಿಯುವ ಗಾಡಿಯದು ಬೇರೆ ಭಯ. ಬ್ರೇಕ್ ಪೈಪಿನಲ್ಲಿ ಗಾಳಿಯ ಒತ್ತಡ ಎಂಜಿನ್ನಿನ ಬಳಿ ಚದರ ಸೆಂಟಿಮೀಟರಿಗೆ 5 ಕಿಲೋ ಇರಬೇಕು. ಕೊನೆಯ ಬ್ರೇಕ್ ವ್ಯಾನಿನಲ್ಲಿ, ಅಂದರೆ ಗಾರ್ಡ್ ಕೂರುವ ಡಬ್ಬಿಯಲ್ಲಿ, ಸ್ವಲ್ಪ ಕಡಿಮೆ ಇದ್ದರೆ ನಡೆಯುತ್ತದೆ, ಬಹಳ ಇಳಿದರೆ ನಡುವೆ ಎಲ್ಲೋ ಸೋರಿಕೆ ಇದೆ. ಗಾರ್ಡ್ ಹಿಂದಿನಿಂದ ಗಾಳಿ ಬಿಟ್ಟಾಗ ಮುಂದೆ ಡ್ರೈವರನ ಒತ್ತಡ ಮಾಪಕದ ಮುಳ್ಳು ಬೀಳಬೇಕು. ಬೀಳದಿದ್ದರೆ ನಡುವೆ ಪೈಪಿನ ಯಾವುದೋ ಕಾಕ್ (ಗಾಳಿಯ ನಲ್ಲಿ) ಮುಚ್ಚಿದೆ. ಅದರ ಹಿಂದಿನ ಡಬ್ಬಿಗಳಿಗೆ ಬ್ರೇಕೇ ಇಲ್ಲ. (ಗಾರ್ಡ್ ಹುದ್ದೆಗೆ 2022ರಿಂದ ಟ್ರೇನ್ ಮ್ಯಾನೇಜರ್ ಎಂದು ಹೆಸರು. ಪ್ಲಾಟ್‌ಫಾರ್ಮಿನಲ್ಲಿ ಇನ್ನೂ ಗಾರ್ಡ್ ಸಾಹೇಬರೇ.)

ಅಳ್ನಾವರದಲ್ಲಿ ನೋಡಬೇಕಾದ್ದು ಗಾಡಿ ನಿಲ್ಲದೆ ಹೋಗುವಾಗ. ಸಿಗ್ನಲ್ ಕೊಟ್ಟಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಸ್ಟೇಷನ್ ಮಾಸ್ತರು ಹಸಿರು ಬಾವುಟ ಹಿಡಿದು ಹೊರಬಂದರು, ಅವರ ಕೈಕೆಳಗಿನ ಪಾಯಿಂಟ್ಸ್‌ಮನ್ ಹಳಿಯ ಆಚೆ ಬದಿಗೆ ನಡೆದ.

"ಎಂಜಿನ್ ಏನ್ ನೋಡ್ತೀರಿ? ಗಾಲಿ ನೋಡ್ರಿ, ವಾಸನಿ ಹಿಡೀರಿ," ಅಂದರು ಮಾಸ್ತರು.

ಬ್ರೇಕ್ ಕಚ್ಚಿಕೊಂಡಿದ್ದರೆ ಗಾಲಿಯ ಅಂಚು ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ರಾತ್ರಿಯಾದರೆ ಕಿಡಿಯೂ ಕಾಣುತ್ತದೆ. ಬೇರಿಂಗ್ ಕೆಟ್ಟಿದ್ದರೆ ಅಂಚು ತಣ್ಣಗಿದ್ದು ಅಚ್ಚಿನ ತುದಿಯ ಪೆಟ್ಟಿಗೆ ಕಾಯುತ್ತದೆ, ಸಿಳ್ಳೆಯಂಥ ಸದ್ದು ಕೇಳುತ್ತದೆ. ಎರಡನೆಯದೇ ಅಪಾಯ: ಅಚ್ಚು ಮುರಿದರೆ ಗಾಡಿ ಹಳಿ ಬಿಟ್ಟಂತೆಯೇ. ಕಂಡ ಕೂಡಲೇ ಕೆಂಪು ಬಾವುಟ, ಮುಂದಿನ ಸ್ಟೇಷನ್ನಿಗೆ ಫೋನು.

ಎಲ್ಲಕ್ಕಿಂತ ಮುಖ್ಯ ಕೊನೆಯ ಡಬ್ಬಿ. ಅದರ ಬೆನ್ನಿಗೆ ಹಗಲು ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡು, ರಾತ್ರಿ ಮಿನುಗುವ ಕೆಂಪು ದೀಪ. ಅದು ಕಾಣದಿದ್ದರೆ ಕೊಂಡಿ ಕಳಚಿ ಅರ್ಧ ಗಾಡಿ ಹಿಂದೆಯೇ ಉಳಿದಿರಬಹುದು. ಆ ಹಳಿಗೆ ಇನ್ನೊಂದು ಗಾಡಿ ಬಿಟ್ಟರೆ ಡಿಕ್ಕಿ. ಈಗ ಆ್ಯಕ್ಸಲ್ ಕೌಂಟರ್ ಇರುವ ಕಡೆ ಗಾಲಿಜೋಡಿಯ ಎಣಿಕೆ ಯಂತ್ರದ್ದು. 58 ಡಬ್ಬಿಗೇ 232. ಒಳಗೆ ಹೋದಷ್ಟೇ ಹೊರಗೆ ಬರಬೇಕು. ಒಂದು ತಪ್ಪಿದರೂ ಹಳಿ ಖಾಲಿ ಎಂದು ಯಂತ್ರ ಒಪ್ಪುವುದಿಲ್ಲ.

ಮಾಸ್ತರು ಮಾತ್ರ ಬೋರ್ಡು ಕಣ್ಣಿಗೆ ಬೀಳುವ ತನಕ ಬಾವುಟ ಇಳಿಸಲಿಲ್ಲ. ಬ್ರೇಕ್ ವ್ಯಾನಿನಿಂದಲೂ ಒಂದು ಹಸಿರು ಬಾವುಟ ಆಡಿತು. ಒಳಗೆ ಹೋಗಿ ರಿಜಿಸ್ಟರಿನಲ್ಲಿ ನಿಮಿಷ ಬರೆದರು.